ಕರಡಿ ಇರುವ ಗುಡ್ಡದಲ್ಲಿ ಕೆಮ್ಮಿಕೊಂಡು ನಡೆಯಬೇಕು

ವನ್ಯಜೀವಿ ಅಧ್ಯಯನದ ಆಸೆ ಹೊತ್ತ ಹುಡುಗ ಹುಡುಗಿಯರು ಹೊಸಪೇಟೆಯಲ್ಲಿ ಬಸ್ಸಿಳಿದು ನನಗೆ ಫೋನ್ ಮಾಡುವುದುಂಟು. ಹೆಚ್ಚಿನವರು ಮೊದಲು ಕೇಳುವುದು "ಕರಡಿ ಎಲ್ಲಿ ಕಾಣುತ್ತೆ ಸರ್?" ಎಂದು. ನಾನೂ ಅದೇ ಪ್ರಶ್ನೆ ಹಿಡಿದುಕೊಂಡು ಈ ಕಡೆ ಬಂದವನು. ಕರಡಿಗೆ ನಾವು ಹೇಗೆ ಕಾಣುತ್ತೇವೆ, ಹೇಗೆ ಕೇಳಿಸುತ್ತೇವೆ, ಯಾವ ಗಾಳಿಯಲ್ಲಿ ನಮ್ಮ ವಾಸನೆ ಅದಕ್ಕೆ ತಲುಪುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ ಎಂದು ತಿಳಿಯುವ ಹೊತ್ತಿಗೆ ಸಾಕಷ್ಟು ತಪ್ಪುಗಳಾಗಿದ್ದವು. ಕೆಲವು ತಪ್ಪುಗಳ ಬೆಲೆಯನ್ನು ತೆತ್ತವನು ನಾನಲ್ಲ, ಕರಡಿ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಓಡಾಡುವುದು ತುಂಗಭದ್ರೆಯ ಆಚೀಚೆಯ ಬಂಡೆಗುಡ್ಡಗಳಲ್ಲಿ: ಸಂಡೂರು, ಹೊಸಪೇಟೆ, ಕೂಡ್ಲಿಗಿ ಒಂದು ಕಡೆ, ಗಂಗಾವತಿ, ಕೊಪ್ಪಳ ಇನ್ನೊಂದು ಕಡೆ. ಮುಳ್ಳುಕುರುಚಲು, ಒಂದರ ಮೇಲೊಂದು ಕುಳಿತ ಬಂಡೆ, ಬಂಡೆಗಳ ಸಂದಿಯಲ್ಲಿ ಗವಿ, ಗುಡ್ಡದ ಬುಡಕ್ಕೆ ಶೇಂಗಾ ಹೊಲ. ಊರು ಮತ್ತು ಕರಡಿಯ ನಡುವೆ ಇಲ್ಲಿ ಬೇಲಿಯಿಲ್ಲ, ನದಿಯಿಲ್ಲ, ಕೆಲವೆಡೆ ಒಂದು ಕೂಗಿನಷ್ಟು ದೂರವೂ ಇಲ್ಲ.

1. ಓದಿಕೊಂಡು ಬಂದ ಕರಡಿ ಈ ಗುಡ್ಡದ್ದಾಗಿರಲಿಲ್ಲ

ಬರುವಾಗ ನನ್ನ ತಲೆಯಲ್ಲಿ ಎರಡು ಕರಡಿಗಳಿದ್ದವು. ಒಂದು, ಕೆನೆತ್ ಆಂಡರ್ಸನ್ ಬರೆದ ಅರಸೀಕೆರೆ ಸೀಮೆಯ ಕೊಲೆಗಡುಕ ಕರಡಿ. ಇನ್ನೊಂದು ಅಮೆರಿಕದ ಕಪ್ಪು ಕರಡಿ. ಮಿನ್ನೆಸೋಟ ರಾಜ್ಯದ ಈಲಿ ಎಂಬ ಊರಿನ ಸುತ್ತಿನ ಕಾಡಿನಲ್ಲಿ ಲಿನ್ ರೋಜರ್ಸ್ ಎಂಬ ವಿಜ್ಞಾನಿ ಕಪ್ಪು ಕರಡಿಗಳನ್ನು ತಮ್ಮ ಇರವಿಗೆ ಒಗ್ಗಿಸಿಕೊಂಡು, ಅವುಗಳ ಜೊತೆಜೊತೆಗೇ ನಡೆದು, ತಿನ್ನುವುದು, ಮಲಗುವುದು, ಮರಿಗೆ ಹಾಲೂಡುವುದು ಎಲ್ಲವನ್ನೂ ಹತ್ತಿರದಿಂದ ಬರೆದುಕೊಂಡವರು. 2010ರ ಜನವರಿಯಲ್ಲಿ ಲಿಲಿ ಎಂಬ ಕರಡಿ ತನ್ನ ಗೂಡಿನಲ್ಲಿ ಮರಿ ಹಾಕಿದ್ದನ್ನು ಅವರು ಇರಿಸಿದ್ದ ಕ್ಯಾಮೆರಾದ ಮೂಲಕ ಜಗತ್ತೇ ನೋಡಿತು. ಕಪ್ಪು ಕರಡಿ ಹಲ್ಲು ಕಟಕಟಿಸಿ, ಬುಸುಗುಟ್ಟಿ, ನೆಲಕ್ಕೆ ಬಡಿದು ಮುನ್ನುಗ್ಗಿದರೂ ಸಾಮಾನ್ಯವಾಗಿ ಅದು ಹೆದರಿಕೆಯ ಅಬ್ಬರ, ಮೈ ಮೇಲೆ ಬೀಳುವುದು ಅಪರೂಪ ಎಂದು ನಾನು ಓದಿದ್ದೆ. ಅದು ನಿಜವೂ ಹೌದು. ಕೆನಡಾ, ಅಮೆರಿಕ ಎರಡೂ ದೇಶ ಸೇರಿ 1900ರಿಂದ 2009ರವರೆಗೆ ಕಾಡಿನ ಕಪ್ಪು ಕರಡಿಗಳಿಂದ ಸತ್ತವರು 63 ಮಂದಿ ಎಂದು ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ.

ಆ ನಂಬಿಕೆಯಲ್ಲಿದ್ದಾಗಲೇ ಒಂದು ಸಂಜೆ ಬಂಡಿಜಾಡಿನ ತಿರುವಿನಲ್ಲಿ, ಬೆನ್ನ ಮೇಲೆ ಮರಿ ಹೊತ್ತ ತಾಯಿ ಎದುರಾಯಿತು. ಹಿಂಗಾಲ ಮೇಲೆ ಎದ್ದು ನಿಂತು ಮೂಗು ಆಡಿಸಿತು. ನಾನು ಪುಸ್ತಕದಲ್ಲಿ ಓದಿದಂತೆ ಅಲ್ಲೇ ನಿಂತೆ. ಬರೆದುಕೊಳ್ಳಲು ಜೇಬಿಗೆ ಕೈ ಹಾಕಿದೆ. ಜೊತೆಗಿದ್ದ ಕುರಿಗಾಹಿ ಹುಡುಗ ನನ್ನ ತೋಳು ಹಿಡಿದು ಬಂಡೆಯ ಹಿಂದಕ್ಕೆ ಎಳೆದುಕೊಂಡ. ಕರಡಿ ನಾವು ನಿಂತಿದ್ದ ಜಾಗದ ಮೇಲೆಯೇ ಹಾಯ್ದು ಹೋಯಿತು. ಅವನಿಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಅಮೆರಿಕದ ಕಪ್ಪು ಕರಡಿ ದಟ್ಟ ಕಾಡಿನ ಪ್ರಾಣಿ. ಅಪಾಯ ಕಂಡರೆ ಮರ ಹತ್ತುತ್ತದೆ, ಮರಿಗಳನ್ನೂ ಮರಕ್ಕೆ ಹತ್ತಿಸುತ್ತದೆ. ನಮ್ಮ ಕರಡಿಯೂ ಜೇನಿಗಾಗಿ, ಹಣ್ಣಿಗಾಗಿ ಮರ ಹತ್ತಬಲ್ಲದು. ಆದರೆ ಜೀವ ಉಳಿಸಿಕೊಳ್ಳಲು ಅದು ಮರವನ್ನು ನೆಚ್ಚುವುದಿಲ್ಲ. ಹುಲಿ ಚಿರತೆಗಳಿರುವ ನೆಲದಲ್ಲಿ, ಮರ ವಿರಳವಾದ ಬಯಲುಗಳಲ್ಲಿ ಬಾಳಿ ಬಂದ ಪ್ರಾಣಿ ಅದು. ಮರಿಯನ್ನು ಬೆನ್ನಿಗೇರಿಸಿಕೊಂಡು ನಿಂತ ನೆಲದಲ್ಲೇ ಎದುರಿಸುವುದು ಅದರ ದಾರಿ. ಈ ಗುಡ್ಡಗಳಲ್ಲಿ ಇವತ್ತು ಹುಲಿಯಿಲ್ಲ, ಚಿರತೆ ಮಾತ್ರ ಇದೆ. ಹುಲಿ ಹೋದರೂ ಆ ಸ್ವಭಾವ ಹೋಗಿಲ್ಲ. ಬೇರೆ ಕರಡಿಯ ಬಗ್ಗೆ ಬರೆದ ಪುಸ್ತಕ ಓದಬೇಡಿ ಎಂದು ಹೇಳುತ್ತಿಲ್ಲ, ಓದಿ. ಹೇಗೆ ನೋಡಬೇಕೆಂಬುದನ್ನು ಅವುಗಳಿಂದ ಕಲಿಯಬಹುದು. ಎದುರಾದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ಇಲ್ಲಿನವರನ್ನೇ ಕೇಳಬೇಕು.

2. ಸದ್ದಿಲ್ಲದೆ ನಡೆಯುವುದು ಇಲ್ಲಿ ಜಾಣತನವಲ್ಲ

ಹಕ್ಕಿ ನೋಡುವವರ ಜೊತೆ ಬೆಳೆದ ಅಭ್ಯಾಸ ನನ್ನದು. ಹೆಜ್ಜೆ ಸದ್ದಾಗಬಾರದು, ಮಾತು ಪಿಸುದನಿಯಲ್ಲಿರಬೇಕು, ಗಾಳಿಗೆ ಎದುರಾಗಿ ನಡೆದು ನಮ್ಮ ವಾಸನೆ ಮುಂದೆ ಹೋಗದಂತೆ ನೋಡಿಕೊಳ್ಳಬೇಕು. ಹೀಗೆ ನಡೆಯುತ್ತಿದ್ದ ನನ್ನನ್ನು ಕುರಿ ಕಾಯುವ ಹಿರಿಯರೊಬ್ಬರು ತಡೆದು ನಿಲ್ಲಿಸಿದರು. "ಯಾಕಪಾ ತಮ್ಮಾ, ಕಳ್ಳರಂಗ ನಡೀತಿ? ಕೆಮ್ಮಿಕೋತ ಬಾ. ನೀ ಬರೋದು ಅದಕ್ಕ ಗೊತ್ತಾಗಲಿ, ಅದು ತನ್ನ ದಾರಿ ಹಿಡೀತದ" ಎಂದರು. ನಾನು ನಕ್ಕು ಮುಂದೆ ಹೋದೆ. ಅವರ ಮಾತು ಎಷ್ಟು ಆಳವಾದದ್ದೆಂದು ಗೊತ್ತಾಗಿದ್ದು ಕರಡಿಯ ಊಟವನ್ನು ದೂರದಿಂದ ಗಮನಿಸಲು ಶುರುಮಾಡಿದ ಮೇಲೆ.

ಕರಡಿಯ ಮುಖ್ಯ ಆಹಾರ ಗೆದ್ದಲು ಮತ್ತು ಇರುವೆ. ಉದ್ದನೆಯ ಉಗುರಿನಿಂದ ಹುತ್ತ ಅಗೆಯುತ್ತದೆ, ಊದಿ ಮಣ್ಣು ಹಾರಿಸುತ್ತದೆ, ಮೂಗಿನ ಹೊಳ್ಳೆ ಮುಚ್ಚಿಕೊಂಡು ತುಟಿಯನ್ನು ಕೊಳವೆಯಂತೆ ಮುಂದೆ ಮಾಡಿ ಗೆದ್ದಲನ್ನು ಎಳೆದುಕೊಳ್ಳುತ್ತದೆ. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಆ ಕಿಂಡಿಯಿಂದ ಗೆದ್ದಲು ಸರಾಗವಾಗಿ ಒಳಗೆ ಹೋಗುತ್ತದೆ. ಆ ಉಗುರು, ಆ ಹಲ್ಲು ಎರಡನ್ನೂ ಕಂಡೇ 1791ರಲ್ಲಿ ಇದನ್ನು ಮೊದಲು ವರ್ಣಿಸಿದ ಜಾರ್ಜ್ ಶಾ ಇದು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಬಳಗವೆಂದು ತಪ್ಪು ತಿಳಿದಿದ್ದ. ಹೀಗೆ ಎಳೆಯುವ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಇಷ್ಟು ಸದ್ದಿನ ನಡುವೆ, ತಲೆಯನ್ನು ಗುಣಿಯೊಳಗೆ ಹುದುಗಿಸಿ ತಿನ್ನುತ್ತಿರುವ ಪ್ರಾಣಿಗೆ ಹೊರಗಿನ ಹೆಜ್ಜೆ ಕೇಳುವುದಿಲ್ಲ. ಕಣ್ಣೂ ಅಷ್ಟು ಚುರುಕಲ್ಲ. ಅದು ನೆಚ್ಚಿರುವುದು ಮೂಗನ್ನು. ನಾನೋ ಗಾಳಿಗೆ ಎದುರಾಗಿ ನಡೆದು ಆ ಮೂಗನ್ನೂ ಕಟ್ಟಿಹಾಕುತ್ತಿದ್ದೆ. ತಲೆ ಎತ್ತಿದಾಗ ಹತ್ತು ಹೆಜ್ಜೆ ದೂರದಲ್ಲಿ ಮನುಷ್ಯ ನಿಂತಿದ್ದರೆ ಅದಕ್ಕೆ ಯೋಚಿಸಲು ಸಮಯವಿಲ್ಲ. ಬೆಚ್ಚಿದ ಕರಡಿ ಮೈ ಮೇಲೆ ಬರುತ್ತದೆ.

ಈಗ ನಾನು ಮಾತಾಡಿಕೊಂಡೇ ನಡೆಯುತ್ತೇನೆ. ಒಬ್ಬನೇ ಇದ್ದರೆ ಕೋಲಿನಿಂದ ಬಂಡೆ ತಟ್ಟುತ್ತೇನೆ. ತಿರುವು, ಪೊದೆ, ಹಳ್ಳದ ಇಳಿಜಾರು ಬಂದಾಗ ನಿಂತು ಕೆಮ್ಮುತ್ತೇನೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾರನ್ನೂ ನನ್ನ ಜೊತೆ ಬರಲು ಬಿಡುವುದಿಲ್ಲ. ಹೀಗೆ ನಡೆದರೆ ಕರಡಿ ಕಾಣುವುದು ಕಡಿಮೆ ಎಂದು ಹುಡುಗರು ಬೇಸರಪಡುತ್ತಾರೆ. ಕಡಿಮೆಯೇ. ಹಾಗಾದರೂ ಅದರ ಹೆಜ್ಜೆ, ಅಗೆತ, ಲದ್ದಿ, ಮರಕ್ಕೆ ಮೈ ಉಜ್ಜಿ ಬಿಟ್ಟ ಕೂದಲು ಎಲ್ಲವೂ ಕಾಣಸಿಗುತ್ತವೆ, ಅವುಗಳಿಗೆ ನಮ್ಮ ಹೆದರಿಕೆಯೂ ಇಲ್ಲ.

3. ಬೆಲ್ಲದ ಬಂಡೆಯ ಮೇಲಿನ ಕರಡಿ ಅರ್ಧ ಕರಡಿ

ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾದದ್ದು. ಈಗ ಅದರ ವಿಸ್ತೀರ್ಣ 82.72 ಚದರ ಕಿಲೋಮೀಟರ್. ಅಲ್ಲಿನ ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಮಧ್ಯಾಹ್ನ ಬೆಲ್ಲದ ಪಾಕ ಸವರುತ್ತಾರೆ. ಹೊತ್ತು ಇಳಿಯುತ್ತಿದ್ದಂತೆ ಕರಡಿಗಳು ಗವಿಯಿಂದ ಇಳಿದು ಬಂದು ನೆಕ್ಕುತ್ತವೆ, ಎದುರಿನ ವೀಕ್ಷಣಾ ಗೋಪುರದಿಂದ ಜನ ನೋಡುತ್ತಾರೆ. ಶಾಲೆಯ ಮಕ್ಕಳು ಬೆನ್ನ ಮೇಲಿನ ಮರಿಯನ್ನು ಕಂಡು ಉಸಿರು ಬಿಗಿಹಿಡಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಮಕ್ಕಳಲ್ಲಿ ಹುಟ್ಟುವ ಪ್ರೀತಿಗೆ ಬೆಲೆ ಕಟ್ಟಲಾಗದು.

ನನ್ನ ತಪ್ಪು ಬೇರೆ. ಗೋಪುರದಲ್ಲಿ ಕುಳಿತು ಕರಡಿಗಳ ನಡುವಿನ ಜಗಳ, ಯಾರು ಮೊದಲು ತಿನ್ನುತ್ತಾರೆ, ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂದೆಲ್ಲ ದಪ್ಪ ಪುಸ್ತಕದ ತುಂಬ ಬರೆದೆ. ಅದನ್ನು ಓದಿದ ಹಿರಿಯ ಸಂಶೋಧಕರೊಬ್ಬರು ಒಂದೇ ಪ್ರಶ್ನೆ ಕೇಳಿದರು: ಬೆಲ್ಲ ಇಲ್ಲದ ಕಡೆ ಇವು ಹೀಗೆ ಒಂದೇ ಬಂಡೆಗೆ ಸೇರುತ್ತವೆಯೇ? ಇಲ್ಲ. ಕರಡಿ ಬಹುಪಾಲು ಒಂಟಿಯಾಗಿ, ಇಲ್ಲವೇ ತಾಯಿ ಮರಿಯಾಗಿ ತಿರುಗುವ ಪ್ರಾಣಿ. ಒಂದೆಡೆ ಸಿಹಿ ಸುರಿದಾಗ ಅದು ನಡೆದುಕೊಳ್ಳುವ ರೀತಿಯನ್ನೇ ನಾನು ಕಾಡಿನ ಕರಡಿಯ ಸಮಾಜಜೀವನ ಎಂದು ಬರೆದಿದ್ದೆ. ಆ ಪುಸ್ತಕವನ್ನು ಎಸೆದಿಲ್ಲ. ಹೊದಿಕೆಯ ಮೇಲೆ ಬೆಲ್ಲದ ಬಂಡೆ ಎಂದು ಬರೆದಿಟ್ಟಿದ್ದೇನೆ, ಬೇರೆ ಟಿಪ್ಪಣಿಗಳ ಜೊತೆ ಬೆರೆಯಬಾರದೆಂದು.

4. ಜರಡಿಯ ಕಣ್ಣು ದೊಡ್ಡದಾದರೆ ಗೆದ್ದಲು ಮಾಯವಾಗುತ್ತದೆ

ಕರಡಿ ಏನು ತಿನ್ನುತ್ತದೆಂದು ತಿಳಿಯಲು ಲದ್ದಿ ಹೆಕ್ಕಿ ತಂದು, ತೊಳೆದು, ಜರಡಿ ಹಿಡಿದು, ಒಣಗಿಸಿ, ಉಳಿದದ್ದನ್ನು ಬೇರೆ ಬೇರೆ ಮಾಡಬೇಕು. ಚಳಿಗಾಲದಲ್ಲಿ ಕೆಲಸ ಶುರುಮಾಡಿದೆ. ಲದ್ದಿಯ ತುಂಬ ಬಾರೆಹಣ್ಣಿನ ಬೀಜ. ಕರಡಿ ಮುಖ್ಯವಾಗಿ ಹಣ್ಣು ತಿನ್ನುವ ಪ್ರಾಣಿ ಎಂದು ಬರೆದುಬಿಟ್ಟೆ. ಅದರಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು, ಒಂದೇ ಋತುವನ್ನು ನೋಡಿ ವರ್ಷದ ಮಾತಾಡಿದ್ದು. ಬೇಸಿಗೆಗೆ ಕಕ್ಕೆಕಾಯಿಯ ತಿರುಳು, ಮುಂಗಾರಿನ ಹೊತ್ತಿಗೆ ನೇರಳೆ, ಕವಳೆ, ಈಚಲು, ಮಳೆಗಾಲ ಹಿಂದೆ ಸರಿದಾಗ ಸೀತಾಫಲ. ಹಣ್ಣು ಸಿಗದ ದಿನಗಳಲ್ಲಿ ಹುತ್ತವೇ ಗತಿ. ಎರಡನೆಯದು, ನನ್ನ ಜರಡಿ. ಅದರ ಕಣ್ಣು ದೊಡ್ಡದಿತ್ತು. ಗೆದ್ದಲಿನಲ್ಲಿ ಜೀರ್ಣವಾಗದೆ ಉಳಿಯುವುದು ಸೈನಿಕ ಹುಳದ ಗಟ್ಟಿ ತಲೆ ಮಾತ್ರ, ಅದು ಸಾಸಿವೆಗಿಂತ ಚಿಕ್ಕದು. ನೀರಿನ ಜೊತೆ ಅದೆಲ್ಲ ಕೊಚ್ಚಿಹೋಗುತ್ತಿತ್ತು. ಸಣ್ಣ ಕಣ್ಣಿನ ಜರಡಿ ತಂದು ಮತ್ತೆ ನೋಡಿದಾಗ ಬಾರೆಬೀಜದ ಅಡಿಯಲ್ಲಿ ಗೆದ್ದಲಿನ ತಲೆಗಳ ಪದರವೇ ಇತ್ತು. ಹೊಸಬರಿಗೆ ಇನ್ನೊಂದು ಮಾತು: ಜೇನು ಲದ್ದಿಯಲ್ಲಿ ಏನನ್ನೂ ಉಳಿಸುವುದಿಲ್ಲ, ಹುಟ್ಟಿನ ಮೇಣವೋ ನೊಣದ ರೆಕ್ಕೆಯೋ ಸಿಕ್ಕರೆ ಅದೃಷ್ಟ. ಕಾಣದ್ದೆಲ್ಲ ತಿನ್ನದ್ದಲ್ಲ.

ಕೆಲಸ ಮುಗಿದ ಮೇಲೆ ಬೀಜಗಳನ್ನು ತೊಟ್ಟಿಯಲ್ಲಿ ಹಾಕಿ ಮೊಳಕೆ ನೋಡುವುದು ನನಗೆ ಇಂದಿಗೂ ಇಷ್ಟದ ಕೆಲಸ. ಈ ಗುಡ್ಡಗಳ ಎಷ್ಟೋ ಬಾರೆ, ಕಕ್ಕೆ ಗಿಡಗಳ ಬೀಜ ಹೊತ್ತು ತಂದದ್ದು ಕರಡಿಯೇ.

5. ಕಪ್ಪು ಮೈ ಎಣಿಕೆಗೆ ಸಿಗುವುದಿಲ್ಲ

ಹುಲಿಗೆ ಪಟ್ಟೆಯಿದೆ, ಚಿರತೆಗೆ ಚುಕ್ಕೆಯಿದೆ. ಕರಡಿಗೆ ಇರುವುದು ಎದೆಯ ಮೇಲಿನ ಬಿಳಿ ಗುರುತು ಮಾತ್ರ. ಕ್ಯಾಮೆರಾ ಟ್ರ್ಯಾಪಿನ ಮುಂದೆ ಅದು ನಾಲ್ಕು ಕಾಲಲ್ಲಿ ಹೋಗುವಾಗ ಆ ಗುರುತು ಕಾಣುವುದಿಲ್ಲ. ನಾನು ಒಂದೇ ಕರಡಿಯನ್ನು ಬೇರೆ ಬೇರೆ ದಿನ ಬೇರೆ ಬೇರೆ ಕರಡಿಯೆಂದು ಎಣಿಸಿ, ಊರಿನವರ ಮುಂದೆ ಹೇಳಿ, ಅವರ ಭಯವನ್ನು ಸುಮ್ಮನೆ ಹೆಚ್ಚಿಸಿದೆ. ಅಮೆರಿಕದಲ್ಲಿ ಮುಳ್ಳುತಂತಿಗೆ ಸಿಕ್ಕ ಕೂದಲಿನ ಡಿಎನ್ಎ ನೋಡಿ ಎಣಿಸುತ್ತಾರೆ. ಅಂಥ ಸೌಕರ್ಯ ಇಲ್ಲದವರು ಸಂಖ್ಯೆ ಹೇಳದೆ, ಎಷ್ಟು ಜಾಗಗಳಲ್ಲಿ ಗುರುತು ಸಿಕ್ಕಿತು ಎಂದಷ್ಟೇ ಹೇಳುವುದು ಮರ್ಯಾದೆಯ ಕೆಲಸ. ಇನ್ನು ಕ್ಯಾಮೆರಾಗಳನ್ನು ಕರಡಿ ಕಿತ್ತುಹಾಕುವುದು ಮಾಮೂಲು. ನಮ್ಮ ಕೈಯ ವಾಸನೆಗೋ ಏನೋ, ಬಂದು ಮೂಸಿ ಕಚ್ಚಿ ಎಳೆಯುತ್ತದೆ. ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಬಿಗಿದರೆ ಉಳಿಯುತ್ತವೆ.

6. ಗವಿಯ ಬಾಯಿಗೆ ಹೋಗಬಾರದಿತ್ತು

ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಹೆಣ್ಣು ಕರಡಿ ಬಹುಮಟ್ಟಿಗೆ ಡಿಸೆಂಬರ್, ಜನವರಿಯ ಹೊತ್ತಿಗೆ ಗವಿಯಲ್ಲಿ ಮರಿ ಹಾಕುತ್ತದೆ, ಒಂದೋ ಎರಡೋ, ಅಪರೂಪಕ್ಕೆ ಮೂರು. ಹುಟ್ಟಿದಾಗ ಮರಿಗೆ ಕಣ್ಣು ಬಿಟ್ಟಿರುವುದಿಲ್ಲ. ಮೊದಲ ವಾರಗಳಲ್ಲಿ ತಾಯಿ ಹೆಚ್ಚಾಗಿ ಹೊರಗೆ ಬರುವುದೇ ಇಲ್ಲ. ಆಮೇಲೆ ಮರಿ ಬೆನ್ನೇರಿ ಅರ್ಧ ವರ್ಷಕ್ಕೂ ಹೆಚ್ಚು ಕಾಲ ಸವಾರಿ ಮಾಡುತ್ತದೆ. ಮರಿಯನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದು ಕರಡಿಗಳಲ್ಲೇ ನಮ್ಮ ಈ ಕರಡಿಯ ವಿಶೇಷ.

ಲಿಲಿಯ ಗೂಡಿನ ಚಿತ್ರಗಳು ನನ್ನ ತಲೆಯಲ್ಲಿದ್ದವು. ಇಲ್ಲೂ ಅಂಥದ್ದೊಂದು ದಾಖಲೆಯಾಗಬೇಕೆಂಬ ಹಂಬಲ. ಲದ್ದಿ, ಹೆಜ್ಜೆ ನೋಡಿ ಒಂದು ಗವಿಯನ್ನು ಗುರುತಿಸಿ, ತಾಯಿ ಹೊರಗೆ ಹೋದ ರಾತ್ರಿ ಗವಿಯ ಎದುರಿನ ಬಂಡೆಗೆ ಕ್ಯಾಮೆರಾ ಬಿಗಿದು ಬಂದೆವು. ಒಳಗೆ ಮರಿಯ ಕುಂಯ್ಗುಡುವ ಸದ್ದು ಕೇಳಿ ಹಿಗ್ಗಿದೆವು. ಕ್ಯಾಮೆರಾದಲ್ಲಿ ನಮಗೆ ಸಿಕ್ಕಿದ್ದು ಇಷ್ಟು: ತಾಯಿ ಮರಳಿ ಬಂತು, ಬಂಡೆಯನ್ನು ಮೂಸಿತು, ಬಹಳ ಹೊತ್ತು ಮೂಸಿತು, ಒಳಗೆ ಹೋಯಿತು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಬಂತು. ಮತ್ತೆ ಆ ಗವಿಗೆ ಅದು ಬರಲಿಲ್ಲ. ಮರಿಯದು ಇನ್ನೂ ಬೆನ್ನಿಗೆ ಅಂಟಿ ಕೂರುವ ವಯಸ್ಸಲ್ಲ. ಚಿರತೆ ತಿರುಗುವ ಗುಡ್ಡ ಅದು. ಮರಿ ಉಳಿಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆ ಚಿತ್ರಗಳನ್ನು ನಾನು ಎಲ್ಲೂ ತೋರಿಸಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗವಿಗಳಿರುವ ಬಂಡೆಸಾಲಿನ ಕಡೆ ಈಗ ಕಾಲಿಡುವುದಿಲ್ಲ. ಲದ್ದಿ ಹೆಕ್ಕುವುದೂ ಬುಡದ ಜಾಡಿನಲ್ಲೇ. ರೋಜರ್ಸ್ ಅವರ ಕರಡಿಗಳಿಗೆ ಅವರ ದನಿ, ವಾಸನೆ ವರ್ಷಗಳಿಂದ ಪರಿಚಯ. ನನ್ನ ವಾಸನೆ ಈ ತಾಯಿಗೆ ಅಪಾಯದ ವಾಸನೆ. ನಮ್ಮ ಕುತೂಹಲ ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ಆ ತಾಯಿಗೆ ತಿಳಿಯುವ ದಾರಿಯೇ ಇಲ್ಲ.

7. ಗಾಯಗೊಂಡವರ ಮನೆಗೆ ಪ್ರಶ್ನೆಪಟ್ಟಿ ಹಿಡಿದು ಹೋಗಬಾರದು

ಕರಡಿ ದಾಳಿ ಹೇಗೆ ನಡೆಯುತ್ತದೆಂದು ತಿಳಿಯಲು ಗಾಯಗೊಂಡವರನ್ನು ಕಂಡು ಮಾತಾಡಿಸಬೇಕು. ಮೊದಲು ಹೋದ ಮನೆಯಲ್ಲಿ, ಮುಖಕ್ಕೆ ಪಟ್ಟಿ ಸುತ್ತಿಕೊಂಡು ಮಲಗಿದ್ದವರ ಮುಂದೆ ಕುಳಿತು, ಕರಡಿ ಎಷ್ಟು ದೂರದಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂದು ಕೇಳತೊಡಗಿದೆ. ಅವರ ಹೆಂಡತಿ ಎದ್ದು ಬಂದು, "ಅದರ ಅಳತಿ ಕೇಳಾಕ ಬಂದೀರೇನ್ರೀ? ಇವರು ಇನ್ನ ನೀರು ಕುಡಿಯಾಕ ಆಗವಲ್ದು" ಎಂದರು. ನಾನು ಪಟ್ಟಿಯನ್ನು ಮಡಚಿದೆ. ಆದರೆ ಎದ್ದು ಬರಲಿಲ್ಲ, ಅದೊಂದೇ ಅವತ್ತು ನಾನು ಮಾಡಿದ ಸರಿಯಾದ ಕೆಲಸ. ಅವರ ಬಳಿ ಪರಿಹಾರದ ಅರ್ಜಿಗೆ ಬೇಕಾದ ಕಾಗದಗಳು ಇರಲಿಲ್ಲ. ಆ ವಾರವೆಲ್ಲ ಅದಕ್ಕಾಗಿ ಓಡಾಡಿದೆ. ಯಾವ ಕಾಗದ ಎಲ್ಲಿ ಸಿಗುತ್ತದೆ, ವೈದ್ಯರ ಪತ್ರದಲ್ಲಿ ಏನು ಬರೆದಿರಬೇಕು, ಫೋಟೊ ಯಾವಾಗ ತೆಗೆಸಬೇಕು ಎಂಬುದನ್ನು ಕಲಿತದ್ದು ನನ್ನ ಸಂಶೋಧನೆಗಿಂತ ಹೆಚ್ಚು ಜನರಿಗೆ ನೆರವಾಗಿದೆ.

ಕರಡಿಯ ಪೆಟ್ಟು ಹೆಚ್ಚಾಗಿ ಬೀಳುವುದು ತಲೆ, ಮುಖದ ಮೇಲೆ. ಬದುಕಿ ಉಳಿದವರೂ ಕಣ್ಣು, ಮೂಗು ಕಳೆದುಕೊಂಡು ಮದುವೆ ಮುಂಜಿಗೆ ಹೋಗುವುದನ್ನೇ ಬಿಡುತ್ತಾರೆ. ಕರಡಿಯ ಮೇಲೆ ನನಗಿರುವ ಪ್ರೀತಿಯನ್ನು ಅಂಥವರ ಮುಂದೆ ಹೇಗೆ ಹೇಳಲಿ ಎಂದು ಬಹಳ ದಿನ ತೊಳಲಾಡಿದ್ದೇನೆ. ಈಗ ಹೇಳಲು ಹೋಗುವುದಿಲ್ಲ. ಕೇಳಿದವರಿಗೆ ಉಪಯೋಗದ ಮಾತು ಹೇಳುತ್ತೇನೆ: ಕರಡಿ ಮೈ ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ. ಅದು ಹೋದ ಕೂಡಲೇ ಏಳಬೇಡಿ. ಗಾಯವನ್ನು ಶುದ್ಧ ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆ ಸೇರಿ, ರೇಬಿಸ್ ಲಸಿಕೆ ಕೇಳಿ ಹಾಕಿಸಿಕೊಳ್ಳಿ. ನಾಯಿ ಕಚ್ಚಿದರೆ ಮಾತ್ರ ಆ ಲಸಿಕೆ ಎಂದು ನಂಬಿದವರು ಇನ್ನೂ ಇದ್ದಾರೆ.

ಹೀಗೆ ಮನೆಮನೆಗೆ ಹೋಗಿ, ಅರ್ಜಿ ಬರೆದು, ಚಹಾ ಕುಡಿದು ಎದ್ದು ಬರುವ ಹೊತ್ತಿಗೆ ಅವರೇ ಹೇಳಿದ ಮಾತುಗಳಲ್ಲಿ ನನ್ನ ಪಟ್ಟಿಯ ಉತ್ತರಗಳೆಲ್ಲ ಇದ್ದವು. ನಸುಕಿನಲ್ಲಿ ಬಯಲಿಗೆ ಹೋದಾಗ. ಸೀತಾಫಲ ಕೀಳಲು ಪೊದೆಗೆ ಬಗ್ಗಿದಾಗ. ಕಟ್ಟಿಗೆ ಹೊರೆ ಹೊತ್ತು ತಲೆ ತಗ್ಗಿಸಿ ಬರುವಾಗ. ರಾತ್ರಿ ಹೊಲಕ್ಕೆ ನೀರು ಬಿಡಲು ಒಬ್ಬರೇ ಹೋದಾಗ. ಕರಡಿ ಬೇಟೆಯಾಡಲು ಬಂದ ಕಥೆಯನ್ನು ಯಾರೂ ಹೇಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಹತ್ತಿರವಾದ ಕಥೆಯನ್ನೇ ಎಲ್ಲರೂ ಹೇಳಿದರು. ಹಾಗಾಗಿ ನನ್ನ ಮಟ್ಟಿಗೆ ಮನೆಗೊಂದು ಶೌಚಾಲಯ, ಅದಕ್ಕೆ ನೀರು, ಅಡುಗೆಗೆ ಗ್ಯಾಸು, ಹೊಲಕ್ಕೆ ಹಗಲಲ್ಲಿ ಕರೆಂಟು, ಇವೆಲ್ಲ ಕರಡಿ ಸಂರಕ್ಷಣೆಯ ಕೆಲಸಗಳೇ.

8. ಜನ ಸೇರಿದರೆ ಕರಡಿಗೆ ದಾರಿ ಮುಚ್ಚುತ್ತದೆ

ಮೆಕ್ಕೆಜೋಳ, ಶೇಂಗಾ, ಬಾಳೆಯ ಕಾಲದಲ್ಲಿ ಕರಡಿ ಹೊಲಕ್ಕೆ ಬರುತ್ತದೆ. ಬೆಳಗಾದರೂ ಹಿಂತಿರುಗದೆ ಊರ ಪಕ್ಕದ ತೋಟದಲ್ಲೋ ಮೋರಿಯಲ್ಲೋ ಉಳಿದುಬಿಟ್ಟರೆ ಸುದ್ದಿ ಹಬ್ಬುತ್ತದೆ, ಮೊಬೈಲ್ ಹಿಡಿದು ಊರೇ ಸೇರುತ್ತದೆ. ಅಂಥ ಒಂದು ದಿನ ನಾನೂ ಗುಂಪಿನ ಮುಂದೆ ನಿಂತು ಕರಡಿಯ ಬಗ್ಗೆ ವಿವರಿಸುತ್ತಿದ್ದೆ, ಜನರಿಗೆ ತಿಳಿವಳಿಕೆ ಕೊಡುತ್ತಿದ್ದೇನೆಂದು ಭಾವಿಸಿ. ನಾನು ನಿಂತಿದ್ದು ಗುಡ್ಡಕ್ಕೆ ಹೋಗುವ ದಾರಿಯಲ್ಲೇ. ಹಿಂದಿನವರು ಕಲ್ಲೆಸೆದರು, ಕರಡಿ ಎದ್ದು ದಾರಿ ಕಾಣದೆ ಮಂದಿಯ ಮೇಲೆ ನುಗ್ಗಿತು. ಒಬ್ಬ ಯುವಕನ ತೊಡೆ ಸೀಳಿತು. ಆ ಯುವಕ ಈಗ ಚೆನ್ನಾಗಿದ್ದಾನೆ. ನನ್ನ ಆ ಭಾಷಣ ಮಾತ್ರ ನನಗೆ ಮರೆತಿಲ್ಲ.

ಆ ಹೊತ್ತಿನಲ್ಲಿ ಬೇಕಾದದ್ದು ತಿಳಿವಳಿಕೆಯಲ್ಲ, ಖಾಲಿ ಜಾಗ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಮಕ್ಕಳನ್ನು ಮನೆಯೊಳಗೆ ಕಳಿಸಿ, ಗುಡ್ಡದ ಕಡೆಯ ದಾರಿ ಬಿಟ್ಟು ಬೇರೆ ಕಡೆ ಮಾತ್ರ ಕಾವಲು ನಿಂತು, ಸಂಜೆಯವರೆಗೆ ಸುಮ್ಮನಿದ್ದರೆ ಹೆಚ್ಚಿನ ಕರಡಿಗಳು ಕತ್ತಲಾದ ಮೇಲೆ ತಾವೇ ಹೋಗುತ್ತವೆ. ಊರಿನ ಹಿರಿಯರೊಬ್ಬರು ಇದನ್ನು ಹುಡುಗರಿಗೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಇದು ಕಿಷ್ಕಿಂಧೆಯ ಸೀಮೆ. "ಜಾಂಬವಂತನ ಕುಲದಾವ ಅವು, ಹಾದಿ ಬಿಡ್ರಪಾ" ಎಂದು ಅವರು ಕೂಗಿದರೆ ಹುಡುಗರು ಸರಿಯುತ್ತಾರೆ.

9. ಕುಣಿಸುವ ಕರಡಿಯನ್ನು ಮರೆಯಬೇಕಿತ್ತು

ನನ್ನ ವಯಸ್ಸಿನ ಬಹಳಷ್ಟು ಜನ ಮೊದಲು ನೋಡಿದ ಕರಡಿ ಮೂಗಿಗೆ ಹಗ್ಗ ಪೋಣಿಸಿದ್ದು. ಮಕ್ಕಳ ಹೆದರಿಕೆ ಹೋಗಲೆಂದು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತದಲ್ಲಿ ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಆ ಕುಣಿತ ನಿಲ್ಲಲು ದಶಕಗಳು ಹಿಡಿದವು. ಕರಡಿ ಕುಣಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯ ಸಿಕ್ಕಿದ ಮೇಲೆಯೇ, 2009ರ ಹೊತ್ತಿಗೆ, ಅದು ನಿಂತದ್ದು. ಬಿಡಿಸಿಕೊಂಡ ಕರಡಿಗಳು ಬನ್ನೇರುಘಟ್ಟದಂಥ ಕೇಂದ್ರಗಳಲ್ಲಿ ಉಳಿದ ಆಯಸ್ಸು ಕಳೆದವು. ಹಿಂಗಾಲ ಮೇಲೆ ನಿಂತ ಕರಡಿಯನ್ನು ಕಂಡರೆ ನನ್ನ ಮನಸ್ಸು ಅದನ್ನು ಆಟವೆಂದೇ ಓದುತ್ತಿತ್ತು. ಕಾಡಿನಲ್ಲಿ ಅದು ಗಾಳಿ ಮೂಸುತ್ತಿರುವ, ನೀವು ಯಾರೆಂದು ತಿಳಿಯಲು ಹೆಣಗುತ್ತಿರುವ ಪ್ರಾಣಿ. ಆಗ ನಿಮ್ಮ ದನಿ ಕೇಳಿಸಿ, ಓಡದೆ ಹಿಂದಕ್ಕೆ ಸರಿಯುತ್ತ ಅದಕ್ಕೆ ಜಾಗ ಮಾಡಿಕೊಡಬೇಕು.

10. ಧಾಮದ ಗಡಿ ಕರಡಿಗೆ ಗೊತ್ತಿಲ್ಲ

ದರೋಜಿಯಲ್ಲದೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲೂ 2013ರಿಂದ ಕರಡಿಧಾಮವಿದೆ. ನನ್ನ ಮೊದಲ ವರ್ಷಗಳ ಕೆಲಸವೆಲ್ಲ ಇಂಥ ಗಡಿಗಳ ಒಳಗೇ ನಡೆಯಿತು. ಅನುಮತಿ, ದಾರಿ, ಗೋಪುರ ಎಲ್ಲ ಅಲ್ಲಿವೆ, ಅನುಕೂಲ. ಆದರೆ ಕೊಪ್ಪಳ ಕಡೆಯ ಎಷ್ಟೋ ಗುಡ್ಡಗಳಲ್ಲಿ ಕರಡಿಗಳಿದ್ದೂ ಅವು ಯಾವ ಧಾಮಕ್ಕೂ ಸೇರಿಲ್ಲ. ಜನ, ಕರಡಿ ನಿಜವಾಗಿ ಮುಖಾಮುಖಿಯಾಗುವುದು ಅಲ್ಲೇ. ಕಲ್ಲು ಕ್ವಾರಿಗೆ ಹೋಗುವುದೂ ಅದೇ ಗುಡ್ಡಗಳು. ಬಂಡೆ ಸಿಡಿಸಿದರೆ ಗವಿ ಹೋಗುತ್ತದೆ. ಗವಿ ಹೋದರೆ ಬೇಸಿಗೆಯ ನಡುಹಗಲಿನಲ್ಲಿ ಕರಡಿ ತಂಪಿಗೆ ಹುಡುಕುವುದು ಮೋರಿಯನ್ನು, ಕಬ್ಬಿನ ಗದ್ದೆಯನ್ನು. ಊರ ಪಕ್ಕ ಕರಡಿ ಬಂತು ಎಂದು ನಾವು ಬರೆಯುವ ಸುದ್ದಿಯಲ್ಲಿ ಅದರ ಮನೆ ಎಲ್ಲಿ ಹೋಯಿತು ಎಂಬ ಸಾಲು ಇರುವುದಿಲ್ಲ. ನನ್ನ ಹಳೆಯ ವರದಿಗಳಲ್ಲೂ ಇರಲಿಲ್ಲ.

ಈಗ ನಾವು ಕೆಲವರು ಸೇರಿ ಮಾಡುತ್ತಿರುವುದು ಸಣ್ಣ ಕೆಲಸ. ಧಾಮದ ಹೊರಗಿನ ಗುಡ್ಡಗಳಲ್ಲಿ ಮರಿಗಳ ಕಾಲ ಮುಗಿದ ಮೇಲೆ, ಬೇಸಿಗೆಯಲ್ಲಿ, ಕುರಿಗಾಹಿಗಳ ಜೊತೆ ನಡೆದು ಗವಿಗಳನ್ನು, ನೀರು ನಿಲ್ಲುವ ದೊಣೆಗಳನ್ನು, ಕಕ್ಕೆ, ಬಾರೆ ಗಿಡಗಳು ಹೆಚ್ಚಿರುವ ಜಾಗಗಳನ್ನು ದೂರದಿಂದ ಗುರುತಿಸಿ ನಕ್ಷೆಗೆ ಏರಿಸುತ್ತೇವೆ. ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಅರಣ್ಯ ಇಲಾಖೆಗೆ. ಗುಡ್ಡವೊಂದನ್ನು ಕ್ವಾರಿಗೆ ಕೊಡುವ ಮಾತು ಬಂದಾಗ ಅಲ್ಲಿ ಏನಿದೆ ಎಂದು ಹೇಳಲು ಊರಿನವರ ಕೈಯಲ್ಲಿ ಒಂದು ಕಾಗದವಿರಲಿ ಎಂಬುದು ಉದ್ದೇಶ. ಜೊತೆಗೆ, ಊರಿಂದ ಬಾವಿಗೆ, ಶಾಲೆಗೆ, ಬಸ್ ನಿಲ್ದಾಣಕ್ಕೆ ಹೋಗುವ ಕಾಲುದಾರಿಗಳ ಎರಡೂ ಬದಿಯ ಪೊದೆಯನ್ನು ಮಳೆಗಾಲ ಮುಗಿದ ಕೂಡಲೇ ಸವರುತ್ತೇವೆ, ದೂರದಿಂದಲೇ ಜನ ಮತ್ತು ಕರಡಿ ಒಬ್ಬರಿಗೊಬ್ಬರು ಕಾಣಲೆಂದು. ಫೋನ್ ಮಾಡುವ ಹುಡುಗ ಹುಡುಗಿಯರಿಗೆ ನಾನು ಈಗ ಮೊದಲು ಹೇಳುವುದು ಈ ಎರಡು ಕೆಲಸಗಳ ಬಗ್ಗೆಯೇ. ಬರುವವರು ಗಟ್ಟಿ ಅಡಿಯ ಬೂಟು, ನೀರಿನ ಬಾಟಲಿ, ಒಂದು ಕುಡಗೋಲು ತರಬೇಕು. ಕುರಿಗಾಹಿಗಳು ಮುಂದೆ ನಡೆಯುತ್ತಾರೆ.